ಸುತ್ತು ಮುಗಿಸಿದ ಮೇಷ್ಟ್ರು

ಮೇಷ್ಟ್ರ ತಿಥಿ ಮುಗಿದ ವಾರಕ್ಕೆ ನಡಿಗೆ ಬಳಗದ ಕಾರ್ಯದರ್ಶಿ ಫೋನು ಮಾಡಿದರು. ನಾನು ಮುಂಬಾಗಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. "ಮೇಡಂ, ಮೇಷ್ಟ್ರ ನೆನಪಿಗೆ ಒಂದು ಸಂಚಿಕೆ ತರ್ತಾ ಇದ್ದೀವಿ. ನೀವು ಅವರ ಜೊತೆ ಸುತ್ತು ನಡೆದವರು. ನಾಲ್ಕು ಮಾತು ಬರೆದುಕೊಡಿ" ಎಂದರು. ಆಗಲಿ ಎಂದೆ. ಆತನ ವಿಷಯದಲ್ಲಿ ಯಾರು ಏನು ಕೇಳಿದರೂ ಆಗಲಿ ಎಂದೇ ಹೇಳಿಕೊಂಡು ಬಂದವಳು ನಾನು. ಆಮೇಲೆ ಮೂರು ತಿಂಗಳು ಒಂದಕ್ಷರ ಬರೆಯಲಾಗಲಿಲ್ಲ. ಈಗ ಬರೆಯುತ್ತಿದ್ದೇನೆ, ಆದರೆ ಅವರು ಕೇಳಿದ ನಾಲ್ಕು ಮಾತು ಇವಲ್ಲ.

ಆತ ಎಂದೇ ಬರೆಯುತ್ತೇನೆ. ಬದುಕಿದ್ದಷ್ಟು ದಿನ ಎದುರಿಗೆ 'ಸಾರ್' ಅನ್ನದೆ ಮಾತಾಡಿದವಳಲ್ಲ. ಕಾಗದದ ಮೇಲಾದರೂ ಆ ಬಹುವಚನವನ್ನು ಇಳಿಸಿಡುತ್ತೇನೆ. ಹೆಸರು ಬೇಡ. ಕೊಳ್ಳೇಗಾಲದವರಿಗೆ ಹೇಳದಿದ್ದರೂ ಗೊತ್ತಾಗುತ್ತದೆ, ಬೇರೆಯವರಿಗೆ ಗೊತ್ತಾಗಿ ಆಗಬೇಕಾದದ್ದು ಏನೂ ಇಲ್ಲ.

ನಾವಿಬ್ಬರೂ ಒಂದೇ ಹೈಸ್ಕೂಲಿನಲ್ಲಿ ಇದ್ದೆವು. ನಾನು ಗಣಿತ, ಆತ ಭೂಗೋಳ. ಎತ್ತರದ ಆಳು, ಇಸ್ತ್ರಿ ಮುರಿಯದ ಅಂಗಿ, ಮಾತಾಡುವಾಗ ಗದ್ದವನ್ನು ಸ್ವಲ್ಪ ಮೇಲೆತ್ತುವ ಅಭ್ಯಾಸ. ಉತ್ತರ ಗೊತ್ತಿಲ್ಲದ ಪ್ರಶ್ನೆ ಯಾರಾದರೂ ಕೇಳಿದರೆ ಕನ್ನಡಕ ತೆಗೆದು, ಎರಡು ಗಾಜಿಗೂ ಬಾಯಿಂದ ಹಬೆ ಊದಿ, ನಿಧಾನವಾಗಿ ಒರೆಸುತ್ತಿದ್ದ. ಒರೆಸಿ ಮುಗಿಯುವ ಹೊತ್ತಿಗೆ ಕೇಳಿದವರೇ ನಾಚಿ ಬೇರೆ ಮಾತು ತೆಗೆಯುತ್ತಿದ್ದರು. ಸ್ಟಾಫ್ ರೂಮಿನ ಗೋಡೆಗೆ ತೂಗುಹಾಕಿದ್ದ ಜಿಲ್ಲೆಯ ದೊಡ್ಡ ನಕ್ಷೆಯನ್ನು ಒಂಬತ್ತನೆಯ ತರಗತಿಯ ಹೆಣ್ಣುಮಕ್ಕಳು ಒಂದು ತಿಂಗಳು ಕೂತು ಬರೆದಿದ್ದರು. ಕೆಳಗಿನ ಮೂಲೆಯಲ್ಲಿ ಹಸಿರು ಶಾಯಿಯಲ್ಲಿದ್ದ ಸಹಿ ಮಾತ್ರ ಆತನದು. ಶಾಲೆ ನೋಡಲು ಬಂದ ಇನ್ಸ್‌ಪೆಕ್ಟರು "ಎಷ್ಟು ದಿನ ಹಿಡೀತು ಮೇಷ್ಟ್ರೇ?" ಎಂದು ಕೇಳಿದಾಗ "ತಾಳ್ಮೆ ಬೇಕು ಸಾರ್" ಎಂದ. ನಾನು ಪಕ್ಕದಲ್ಲೇ ಇದ್ದೆ.

ಆದರೂ ಒಂದು ಮಾತನ್ನು ಇಲ್ಲೇ ಹೇಳಿಬಿಡಬೇಕು, ಆಮೇಲೆ ಹೇಳಲು ಮನಸ್ಸು ಬರುವುದಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಎರಡು ವರ್ಷ ನಾನು ಶಾಲೆ ಬಿಟ್ಟರೆ ಮನೆ, ಮನೆ ಬಿಟ್ಟರೆ ಶಾಲೆ. ಸಂತೆಗೂ ಹೋಗುತ್ತಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಆತ ಬಾಗಿಲಿಗೆ ಬಂದು ನಿಂತು, "ಬನ್ನಿ ಮೇಡಂ, ಕೆರೆ ಏರಿ ತನಕ ನಡೆದು ಬರೋಣ. ನಮ್ಮ ಬಳಗದವರೆಲ್ಲ ಇದ್ದಾರೆ" ಎಂದ. ಹೋದೆ. ಆವತ್ತಿನಿಂದ ನಡೆಯುವುದನ್ನು ಬಿಟ್ಟಿಲ್ಲ. ನನ್ನ ಕಾಲು ನನ್ನನ್ನು ಎಷ್ಟು ದೂರ ಬೇಕಾದರೂ ಒಯ್ಯಬಲ್ಲದೆಂದು ತೋರಿಸಿಕೊಟ್ಟವನು ಆತನೇ. ಇದು ಬೇರೆ ಯಾರಿಂದಲಾದರೂ ಆಗಿದ್ದರೆ ಚೆನ್ನಾಗಿತ್ತು.

ನಿವೃತ್ತಿಯ ವರ್ಷ ಆತನ ಕೈಗೆ ಯಾವುದೋ ಹಳೆಯ ಪತ್ರಿಕೆ ಸಿಕ್ಕಿತು. ಅದರಲ್ಲಿ ಹೊರದೇಶದವರು ಸಮುದ್ರದ ದಡದ ಬಂಡೆಗಳ ಅಂಚಿನಲ್ಲಿ ನಡೆದು, ಹಳ್ಳಿಗಳನ್ನು ಹಾದು, ಹೊರಟ ಜಾಗಕ್ಕೇ ವಾರ ಬಿಟ್ಟು ಬಂದು ಸೇರುವ ಫೋಟೋಗಳಿದ್ದವು. ಆತ ಅದನ್ನು ಕತ್ತರಿಸಿ ಜೇಬಿನಲ್ಲಿಟ್ಟುಕೊಂಡು ಊರೆಲ್ಲ ತೋರಿಸಿದ. "ನಮ್ಮಲ್ಲಿ ಸಮುದ್ರ ಒಂದಿಲ್ಲ, ಮಿಕ್ಕಿದ್ದೆಲ್ಲ ಇದೆ" ಎನ್ನುತ್ತಿದ್ದ. ಒಂದು ದಿನ ಚೀಲ ಹೆಗಲಿಗೆ ಹಾಕಿಕೊಂಡು ಒಬ್ಬನೇ ಹೊರಟ. ಕೊಳ್ಳೇಗಾಲದಿಂದ ಯಳಂದೂರಿನ ಕಡೆ ಅಗರ, ಅಲ್ಲಿಂದ ಬೆಟ್ಟದ ಬುಡ ಹಿಡಿದು ಹನೂರು, ರಾಮಾಪುರ, ಆಮೇಲೆ ಕಾವೇರಿಯ ಕಡೆ ಇಳಿಯುವ ಒಂದು ಹಳ್ಳದ ಕಮರಿಯ ಅಂಚಿನ ಮೇಲೆ ನಡೆದು ಮಾರ್ಟಳ್ಳಿ, ಕೊನೆಗೆ ಬೇರೆ ದಾರಿಯಲ್ಲಿ ಕೊಳ್ಳೇಗಾಲಕ್ಕೆ ವಾಪಸ್. ಏಳು ದಿನ. ಬಂದವನೇ ಅಂಗೈಯಗಲದ ಒಂದು ಪುಸ್ತಕ ಬರೆದು ಅಚ್ಚು ಹಾಕಿಸಿದ. ಎಲ್ಲಿ ನೆರಳಿದೆ, ಎಲ್ಲಿ ನೀರಿದೆ, ಎಲ್ಲಿ ತಿರುಗಬೇಕು ಎಲ್ಲ ಅದರಲ್ಲಿತ್ತು. ಕಮರಿಯ ಭಾಗವನ್ನು ಓದಿದರೆ ಮೈ ಜುಮ್ಮೆನ್ನುತ್ತಿತ್ತು. 'ಎಡಗಾಲು ನೆಲದ ಮೇಲೆ, ಬಲಗಾಲು ಆಕಾಶದ ಮೇಲೆ' ಎಂದು ಬರೆದಿದ್ದ. ನಾನು ಆ ಸಾಲನ್ನು ಎರಡು ಸಲ ಓದಿದ್ದೆ.

ಮಾರನೆಯ ವರ್ಷ ಆತ ಬಳಗವನ್ನು ಕರೆದುಕೊಂಡು ಸುತ್ತು ಹೊರಟ. ಒಂಬತ್ತು ಮಂದಿ ಇದ್ದೆವು. ಅವರಲ್ಲಿ ನಾಗಪ್ಪ ಒಬ್ಬ. ನಮ್ಮ ಪಕ್ಕದ ಬೀದಿಯ ನೇಕಾರ, ರೇಷ್ಮೆ ಸೀರೆ ನೇಯುವವನು, ಮನೆಯಲ್ಲಿ ತೆಲುಗು, ಹೊರಗೆ ಕನ್ನಡ. ಮೂವತ್ತು ವರ್ಷ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಕೂತು ಸಾಕಾಗಿ, ಒಂದು ವಾರ ಬಯಲು ನೋಡಬೇಕೆಂದು ಬಂದಿದ್ದ. ಹಿಂದೆ ಆತನ ಶಿಷ್ಯ ಬೇರೆ. ಆತನ ನೀರಿನ ಬಾಟಲಿಯನ್ನೂ ಇವನೇ ಹೊರುತ್ತಿದ್ದ.

ಮೊದಲ ದಿನ ಮಧ್ಯಾಹ್ನ ಅಗರ ಸೇರಿದೆವು. ಊರ ಮೊದಲಿಗೇ ಒಂದು ಹೆಂಚಿನ ಮನೆ, ಜಗುಲಿಯ ಮೇಲೆ ಒಬ್ಬ ಹೆಂಗಸು ಅವರೆಕಾಯಿ ಸುಲಿಯುತ್ತಿದ್ದಳು. ಆತನನ್ನು ಕಂಡದ್ದೇ ಮೊರ ಪಕ್ಕಕ್ಕಿಟ್ಟು ಎದ್ದಳು.

"ಬನ್ನಿ ಸಾ, ಬನ್ನಿ. ನಿಮ್ಮುನ್ನೇ ಕಾಯ್ತಾ ಇದ್ದೆ. ಬಾಯಾರಿ ಬಂದೋರು ಅಂತ ಓದ್ ವರ್ಸ ಒಂದ್ ಲೋಟ ಮಜ್ಜಿಗೆ ಕೊಟ್ಟೆ. ಅದ್ನ ಪುಸ್ತುಕ್ದಲ್ಲಿ ಆಕ್ಬುಟ್ರಾ? ಯಾವ್ಯಾವ್ದೋ ಊರ್ನೋರು ಕಾರ್ ನಿಲ್ಸಿ ಮಜ್ಜಿಗೆ ಎಲ್ಲಿ ಅಂತಾರೆ. ಮೊನ್ನೆ ಒಬ್ಬ ಕೊತ್ತಂಬ್ರಿ ಸೊಪ್ಪು ಆಕಿಲ್ವಾ ಅಂದ. ನನ್ ಮನೇನ ಓಟ್ಲು ಮಾಡ್ಬುಟ್ರಲ್ಲ ಸಾ!"

ನಾನು ಪುಸ್ತಕ ತೆಗೆದು ನೋಡಿದೆ. ನಿಜ. 'ಊರ ಆರಂಭದ ಹೆಂಚಿನ ಮನೆ: ಮಜ್ಜಿಗೆ ಸಿಗುತ್ತದೆ.'

"ನನ್ ಎಸ್ರಾದ್ರೂ ಬರ್ದಿದ್ದೀರಾ?" ಎಂದಳು.

"ಹೆಸರು ಗೊತ್ತಿರಲಿಲ್ಲಮ್ಮ."

"ಕೇಳುದ್ರಾ?"

ಆತ ಕನ್ನಡಕ ತೆಗೆದು ಹಬೆ ಊದಿದ. ಒರೆಸಿ ಹಾಕಿಕೊಂಡು, ಏನೂ ಆಗಿಲ್ಲವೆಂಬಂತೆ, "ಈಗ ಸ್ವಲ್ಪ ಮಜ್ಜಿಗೆ ಇದೆಯಾ? ಒಂಬತ್ತು ಜನ ಇದ್ದೀವಿ" ಎಂದ. ಅವಳು ಬೈದುಕೊಂಡೇ ಒಳಗೆ ಹೋಗಿ ತಂದು ಕೊಟ್ಟಳು. ನಾವೆಲ್ಲ ಕುಡಿದೆವು. ಅವಳ ಹೆಸರೇನೆಂದು ಆವತ್ತು ನಾನೂ ಕೇಳಲಿಲ್ಲ.

ಆತ ಯಾವಾಗಲೂ ಎಲ್ಲರಿಗಿಂತ ಹತ್ತು ಹೆಜ್ಜೆ ಮುಂದೆ ನಡೆಯಬೇಕು. ಯಾರಾದರೂ ಜೊತೆಗೆ ಬಂದರೆ ವೇಗ ಹೆಚ್ಚಿಸುತ್ತಿದ್ದ. ವೇಗ ಹೆಚ್ಚಿಸಿ ಏದುಸಿರು ಬಂದರೆ ಹಿಂದೆ ತಿರುಗಿ, "ಮೇಡಂ ದಣಿದಿದ್ದಾರೆ, ಸ್ವಲ್ಪ ಕೂತ್ಕೊಳ್ಳೋಣ" ಎನ್ನುತ್ತಿದ್ದ. ನಾನು ದಣಿದಿರುತ್ತಿರಲಿಲ್ಲ. ನಡೆದಷ್ಟೂ ದಿನ ಒಂದು ಸಲವೂ ದಣಿದಿರಲಿಲ್ಲ. ಆದರೂ ಮರದ ಬುಡ ಬಂದಾಗಲೆಲ್ಲ ನನ್ನ ಹೆಸರಿನಲ್ಲಿ ಆತ ಕೂರುತ್ತಿದ್ದ. ಮಿಕ್ಕವರು ನನ್ನ ಕಡೆ ಕನಿಕರದಿಂದ ನೋಡುತ್ತಿದ್ದರು. "ಇಲ್ಲ, ನನಗೇನೂ ಆಗಿಲ್ಲ" ಎಂದು ಹೇಳಲು ಬಾಯಿ ತೆರೆದು, ಪಾಪ ವಯಸ್ಸಾದವರು ಎಂದುಕೊಂಡು ಮುಚ್ಚುತ್ತಿದ್ದೆ.

ಹನೂರು ದಾಟಿದ ಮೇಲೆ ಒಂದು ಹೊಲದ ಬದುವಿನಲ್ಲಿ ನಿಂತು ನಮಗೆಲ್ಲ ಮಣ್ಣಿನ ಪಾಠ ಮಾಡಿದ. ಈ ಮಣ್ಣಿನ ಗುಣ, ಇಲ್ಲಿ ಬೀಳುವ ಮಳೆ ಇವನ್ನೆಲ್ಲ ನೋಡಿದರೆ ಇಲ್ಲಿ ರಾಗಿ ಚೆನ್ನಾಗಿ ಬರುವುದಕ್ಕೆ ಸಾಧ್ಯವೇ ಇಲ್ಲ ಎಂದು ವಿವರಿಸಿದ. ಆತನ ಬೆನ್ನ ಹಿಂದೆಯೇ ಎದೆಮಟ್ಟದ ರಾಗಿ ತೆನೆ ಬಾಗಿ ನಿಂತಿತ್ತು. ಹೊಲದ ಯಜಮಾನ ಅಷ್ಟೂ ಹೊತ್ತು ಕುಡುಗೋಲು ಹಿಡಿದು ಕೇಳಿಸಿಕೊಂಡು, "ಅದ್ಕೆ ಇದೆಲ್ಲ ಗೊತ್ತಿಲ್ಲ ಸಾ. ಬಂದ್ಬುಟ್ಟದೆ" ಎಂದ. ನಾವು ನಕ್ಕೆವು. ಆತ ನಗಲಿಲ್ಲ. ನಾಗಪ್ಪನೂ ನಗಲಿಲ್ಲ. "ಸಾರು ಏಳೋದ್ರಲ್ಲಿ ಏನೋ ಅರ್ಥ ಇರ್ತದೆ" ಎಂದು ನನ್ನ ಕಿವಿಯಲ್ಲಿ ಹೇಳಿದ.

ರಾಮಾಪುರಕ್ಕೆ ಬರುವ ಹೊತ್ತಿಗೆ ಕಾಲು ಬೊಬ್ಬೆ ಎದ್ದು ಆರು ಮಂದಿ ಬಸ್ಸು ಹತ್ತಿದರು. ಅವರನ್ನು ಬೀಳ್ಕೊಡುವಾಗ ಆತ ಬಸ್‌ಸ್ಟಾಪಿನಲ್ಲಿ ನಿಂತು, ಎಲ್ಲರಿಗೂ ಕೇಳುವ ಹಾಗೆ, "ಬಸ್ಸು ಹತ್ತುವುದು ಕಾಲಿನ ಸೋಲಲ್ಲ, ಮನಸ್ಸಿನ ಸೋಲು" ಎಂದ. ಆರು ಮಂದಿಯೂ ಕಿಟಕಿಯ ಪಕ್ಕ ತಲೆ ತಗ್ಗಿಸಿಕೊಂಡು ಹೋದರು. ಉಳಿದವರು ಆತ, ನಾಗಪ್ಪ, ನಾನು.

ಐದನೆಯ ದಿನ ಬೆಳಿಗ್ಗೆ ಕಮರಿಯ ದಾರಿಗೆ ಬಂದೆವು. ಹಳ್ಳ ಕೆಳಗೆ ಎಲ್ಲೋ ಹರಿಯುತ್ತಿತ್ತು, ಸದ್ದು ಬರುತ್ತಿತ್ತು, ನೀರು ಕಾಣುತ್ತಿರಲಿಲ್ಲ. ಅಂಚಿನ ಉದ್ದಕ್ಕೂ ಬೋಳು ಬಂಡೆ, ಅಲ್ಲಲ್ಲಿ ಮುಳ್ಳಿನ ಕಾರೆ ಗಿಡ. ಅಲ್ಲಿ ಮೇಕೆ ಮೇಯಿಸುತ್ತಿದ್ದ ಚಿನ್ನತಾಯಿ ಎಂಬ ಹೆಂಗಸು ನಮ್ಮನ್ನು ಕಂಡು ಓಡಿಬಂದಳು. ಮಾರ್ಟಳ್ಳಿಯವಳು, ತಮಿಳು ಬೆರೆಸಿ ಮಾತಾಡುತ್ತಿದ್ದಳು.

"ವೇಂಡಾ ಸಾ, ವೇಂಡಾ. ಅಂಚಿನ್ ಮೇಲ್ ಓಗ್ಬೇಡಿ. ಈ ಮಳೇಲಿ ಕಲ್ಲೆಲ್ಲ ಸಡ್ಲ ಆಗದೆ. ನನ್ ಆಡೇ ಒಂದು ಬಿದ್ ಸತ್ತೋಯ್ತು. ಮೇಲೆ ಹೊಲದ್ ಮೇಲೆ ದಾರಿ ಅದೆ, ಬನ್ನಿ, ನಾನ್ ತೋರುಸ್ತೀನಿ."

"ಪುಸ್ತಕದಲ್ಲಿ ಅಂಚಿನ ದಾರಿ ಅಂತ ಇದೆಯಮ್ಮ" ಎಂದ ಆತ. "ಸುತ್ತು ಅಂದ್ರೆ ಸುತ್ತು. ನಡುವೆ ಒಂದು ತುಂಡು ಬಿಟ್ರೆ ಅದು ಸುತ್ತಲ್ಲ."

"ಪುಸ್ತುಕ್ಕೆ ಮಳೆ ಬಿದ್ದದಾ ಸಾ?" ಎಂದಳು ಚಿನ್ನತಾಯಿ.

ನಾನು ಹೊಲದ ದಾರಿಯೇ ಆಗಲಿ ಎಂದೆ. ಆತ ನನ್ನ ಕಡೆ ನೋಡಲೂ ಇಲ್ಲ. "ನಾಗಪ್ಪ, ನೀನು ಮುಂದೆ ಹೋಗು. ನಾನು ಹಿಂದಿನಿಂದ ನೋಡ್ಕೋತೀನಿ" ಎಂದ. ನಾಲ್ಕು ದಿನ ಯಾರಿಗೂ ಮುಂದೆ ನಡೆಯಲು ಬಿಡದವನು ಆವತ್ತು ಮೊದಲ ಬಾರಿಗೆ ಹಿಂದೆ ನಿಂತ. ಅದು ನನಗೆ ಆಗ ಹೊಳೆಯಲಿಲ್ಲ. ನಾಗಪ್ಪನಿಗೆ ಮಾತ್ರ ಪದಕ ಕೊಟ್ಟಷ್ಟು ಸಂತೋಷವಾಯಿತು. ಪಂಚೆ ಎತ್ತಿ ಕಟ್ಟಿಕೊಂಡು ಬಂಡೆಯ ಮೇಲೆ ಹೆಜ್ಜೆ ಇಟ್ಟ. ಇಪ್ಪತ್ತು ಹೆಜ್ಜೆ ನಡೆದಿರಬೇಕು. ಒಂದು ಕಲ್ಲು ಸದ್ದಿಲ್ಲದೆ ಜಾರಿತು, ಅದರ ಜೊತೆಗೆ ಅವನೂ ಜಾರಿದ.

ಎರಡಾಳು ಕೆಳಗೆ ಒಂದು ಚಾಚಿದ ಬಂಡೆ, ಅದರ ಮೇಲೆ ಒಂದು ಕಾರೆಗಿಡ. ಅವೆರಡೂ ಅವನನ್ನು ತಡೆದವು. ಬಲಗಾಲು ಮೈ ಕೆಳಗೆ ಮಡಿಸಿಕೊಂಡು ತಿರುಚಿ ಹೋಗಿತ್ತು. ಮೊದಲು ಸದ್ದೇ ಇಲ್ಲ. ಆಮೇಲೆ ತೆಲುಗಿನಲ್ಲಿ ಅಮ್ಮನನ್ನು ಕೂಗತೊಡಗಿದ.

ನಾನು ತಿರುಗಿ ನೋಡಿದೆ. ಆತ ಅಂಚಿನಿಂದ ಬಹಳ ಹಿಂದೆ, ಒಂದು ಬೇವಿನ ಮರವನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಮುಖ ಸುಣ್ಣದ ಹಾಗಿತ್ತು. "ನಾನು ರೋಡಿಗೆ ಹೋಗಿ ಜನ ಕರ್ಕೊಂಡ್ ಬರ್ತೀನಿ. ನೀವು ಇಲ್ಲೇ ಇರಿ" ಎಂದು ಹೇಳಿ ಹೋದ. ಓಡಲಿಲ್ಲ. ಇಸ್ತ್ರಿ ಮುರಿಯದ ಹಾಗೆ ನಡೆದುಕೊಂಡೇ ಹೋದ.

ಚಿನ್ನತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೂತು ಜಾರುತ್ತಾ, ಬೇರು ಹಿಡಿಯುತ್ತಾ ನಾಗಪ್ಪನ ಹತ್ತಿರ ಇಳಿದಳು. ಅವಳು ತೋರಿಸಿದ ಹಾಗೇ ನಾನೂ ಇಳಿದೆ. ಅವನ ಕಾಲನ್ನು ನನ್ನ ಮಡಿಲ ಮೇಲೆ ಇಟ್ಟುಕೊಂಡು ಅಲುಗದ ಹಾಗೆ ಹಿಡಿದು ಕೂತೆ. ಫೋನಿಗೆ ಸಿಗ್ನಲ್ ಇರಲಿಲ್ಲ. ಆಗ ಬೆಳಗಿನ ಹನ್ನೊಂದು. ಹನ್ನೆರಡಾಯಿತು. ಒಂದಾಯಿತು. ಬಂಡೆ ಕಾದು ಕೆಂಡವಾಯಿತು. ನಾಗಪ್ಪ ನೋವಿನಲ್ಲಿ ಕಣ್ಣು ಮುಚ್ಚಿದ್ದ, ಆಗಾಗ "ಸಾರು ಬಂದ್ರಾ?" ಎಂದು ಕೇಳುತ್ತಿದ್ದ.

"ಆ ಸಾರು ಈ ದಾರೀಲಿ ಯಾವತ್ತೂ ನಡೆದೇ ಇಲ್ಲ ಕಣಮ್ಮ" ಎಂದಳು ಚಿನ್ನತಾಯಿ ನನಗೆ ಮಾತ್ರ ಕೇಳುವಂತೆ. "ಓದ್ ವರ್ಸ ಬಂದಿದ್ರು. ಅದೇ ಬೇವಿನ್ ಮರದ್ ಕೆಳಗೆ ಕುಂತ್ಕಂಡು, ದಾರಿ ಎಂಗದೆ, ಎಲ್ಲಿ ತಿರುಗ್ತದೆ ಅಂತ ನನ್ನೇ ಕೇಳ್ಕಂಡ್ ಬರ್ಕಂಡ್ರು. ನಾನು ಒಂದ್ ಕಾಲು ನೆಲ್ದಲ್ಲಿ, ಒಂದ್ ಕಾಲು ಮೋಡ್ದಲ್ಲಿ ಇಕ್ಕಂಡ್ ಓಡಾಡ್ತೀನಿ ಸಾ ಅಂದಿದ್ಕೆ ನಕ್ಕು ಅದ್ನೂ ಬರ್ಕಂಡ್ರು. ಆಮೇಲೆ ಹೊಲದ್ ಮೇಲ್ ಓದ್ರು."

ನಾನು ಎರಡು ಸಲ ಓದಿದ ಸಾಲು ಈ ಹೆಂಗಸಿನದು.

ಒಂದೂವರೆಗೆ ಚಿನ್ನತಾಯಿ ತಾನೇ ಎದ್ದಳು. ಮೇಲೆ ಹತ್ತಿ ಊರಿಗೆ ಓಡಿ, ಅಕ್ಕನ ಗಂಡನನ್ನೂ ಇನ್ನಿಬ್ಬರನ್ನೂ ಬಾವಿ ಹಗ್ಗ, ಒಂದು ಮಂಚದ ಜೊತೆ ಕರೆತಂದಳು. ಹಗ್ಗಕ್ಕೆ ಸೀರೆ ಸುತ್ತಿ, ನಾಗಪ್ಪನ ಎದೆಗೆ ಕಟ್ಟಿ ಎಳೆದೆವು. ಮಂಚದ ಮೇಲೆ ಮಲಗಿಸಿ ರೋಡಿಗೆ ತಂದಾಗ ನಾಲ್ಕು ಗಂಟೆ. ಒಂದು ಗೂಡ್ಸ್ ಆಟೋ ಸಿಕ್ಕಿತು. ಅವನನ್ನು ಅದರಲ್ಲಿ ಮಲಗಿಸಿ, ನಾನೂ ಚಿನ್ನತಾಯಿಯೂ ಬಸ್‌ಸ್ಟಾಪಿನ ಪಕ್ಕದ ಅಂಗಡಿಗೆ ಸೋಡ ತರಲು ಹೋದೆವು. ಎತ್ತರದ ಆಳು, ಕನ್ನಡಕದವರು ಯಾರಾದರೂ ಬಂದಿದ್ದರಾ ಎಂದು ಕೇಳಿದೆ.

"ಊಂ, ಬಂದಿದ್ರು. ಟೀ ಕುಡುದ್ರು. ಹನ್ನೆರಡೂವರೆ ಬಸ್ಸಲ್ಲಿ ಓದ್ರು" ಎಂದ ಅಂಗಡಿಯವನು.

"ಯಾರೋ ಬಿದ್ದಿದ್ದಾರೆ, ಜನ ಬೇಕು ಅಂತ ಏನಾದ್ರೂ ಹೇಳಿದ್ರಾ?"

ಅವನು ಯೋಚಿಸಿದ. "ಬಿಸ್ಲು ಜಾಸ್ತಿ ಅಂದ್ರು" ಎಂದ.

ಆಟೋಗೆ ಬಂದಾಗ ನಾಗಪ್ಪ ಕಣ್ಣು ಬಿಟ್ಟು, "ಸಾರು ಎಲ್ಲಿ ಟೀಚರ್?" ಎಂದು ಕೇಳಿದ. ಅವನ ತುಟಿ ಒಡೆದಿತ್ತು. ಆ ಹೊತ್ತಿನಲ್ಲಿ ನಿಜ ಹೇಳಲು ನನಗೆ ಆಗಲಿಲ್ಲ. "ಬೇರೆ ದಾರೀಲಿ ನಮ್ಮನ್ನೇ ಹುಡುಕ್ತಾ ಹೋಗಿದ್ದಾರಂತೆ" ಎಂದೆ. ಅವನಿಗೆ ಸಮಾಧಾನವಾಯಿತು. ಚಿನ್ನತಾಯಿ ನನ್ನ ಮುಖವನ್ನೇ ನೋಡಿದಳು.

ಆ ಒಂದು ಮಾತಿನ ಮೇಲೆ ಆತ ಮನೆ ಕಟ್ಟಿಕೊಂಡ. ಕೊಳ್ಳೇಗಾಲದ ಆಸ್ಪತ್ರೆಗೆ ಬಂದ ಬಳಗದವರಿಗೆ ನಾಗಪ್ಪನೇ ಹೇಳಿದ: ಸಾರು ನಮ್ಮನ್ನು ಹುಡುಕುತ್ತಾ ಕಾಡೆಲ್ಲ ಅಲೆದಿದ್ದಾರೆ, ಸಿಗದೆ ಒಬ್ಬರೇ ಮುಂದಕ್ಕೆ ಹೊರಟಿದ್ದಾರೆ. ಏಳನೆಯ ದಿನ ಊರ ಹೊರಗಿನ ರಸ್ತೆಯಲ್ಲಿ ಆತ ಚೀಲ ಹೊತ್ತು, ಕಾಲೆಳೆಯುತ್ತಾ ನಡೆದು ಬಂದಾಗ ಬಳಗದವರು ಹಾರ ಹಿಡಿದು ನಿಂತಿದ್ದರು. ಬಸ್ಸು ಹತ್ತಿಸಿ ಕಳಿಸಿದ್ದ ಆ ಆರು ಮಂದಿಯೂ ಚಪ್ಪಾಳೆ ತಟ್ಟಿದರು. ನಾನು ಆಸ್ಪತ್ರೆಯಿಂದ ನೇರ ಬಂದಿದ್ದೆ. ನನ್ನನ್ನು ಕಂಡಾಗ ಆತನ ಹೆಜ್ಜೆ ಒಂದು ಕ್ಷಣ ನಿಂತಿತು. ಈಗ ಬಾಯಿ ಬಿಡುತ್ತಾಳೆ ಎಂದುಕೊಂಡಿರಬೇಕು. ನಾನೂ ಹಾಗೆಂದುಕೊಂಡೇ ಬಂದಿದ್ದೆ.

ಸಂಜೆ ಸಭೆ. ಆತ ಮಾತಾಡುತ್ತಾ ಒಂಟಿ ದಾರಿಯ ಬಗ್ಗೆ ಹೇಳಿದ, ಹಸಿವಿನ ಬಗ್ಗೆ ಹೇಳಿದ, ಒಬ್ಬ ಜೊತೆಗಾರ 'ಎಚ್ಚರ ತಪ್ಪಿ' ಬಿದ್ದ ಬಗ್ಗೆಯೂ ಹೇಳಿದ. ಆಮೇಲೆ, "ಗಾಯಾಳುವಿನ ಸೇವೆ ಮಾಡಿದ ನಮ್ಮ ಮೇಡಮ್ಮಿಗೂ ಈ ಗೌರವ ಸಲ್ಲಬೇಕು" ಎಂದು ನನ್ನನ್ನು ವೇದಿಕೆಗೆ ಕರೆದು, ತನಗೆ ಹೊದಿಸಿದ್ದ ಎರಡು ಶಾಲಿನಲ್ಲಿ ಒಂದನ್ನು ನನಗೆ ಹೊದಿಸಿದ. ಮೈಕು ನನ್ನ ಬಾಯಿಯ ಹತ್ತಿರವೇ ಇತ್ತು. ನಾನು ಕೈಮುಗಿದು ಇಳಿದು ಬಂದೆ.

ಮರುದಿನ ಆಸ್ಪತ್ರೆಗೆ ಬಂದ. ಕಿತ್ತಳೆಹಣ್ಣು ತಂದಿದ್ದ. ನಾಗಪ್ಪ ಎದ್ದು ಕೂರಲು ಒದ್ದಾಡಿದ. "ನಮ್ಮುನ್ ಉಡುಕ್ಕಂಡು ಅಲ್ದಾಡುದ್ರಂತಲ್ಲ ಸಾ. ನಮ್ಮಿಂದ ನಿಮ್ಗೆ ಎಷ್ಟ್ ತೊಂದ್ರೆ" ಎಂದ. ಆತ ಕನ್ನಡಕ ತೆಗೆದ, ಹಬೆ ಊದಿದ, ಒರೆಸಿದ. ನಾನು ಎದುರು ನಿಂತು ನೋಡುತ್ತಿದ್ದೆ. "ಹೂಂ ಕಣಪ್ಪ. ಏನು ಮಾಡೋದು" ಎಂದ.

ಹೊರಗೆ ಬಂದ ಮೇಲೆ ಕೇಳಿದೆ. "ಯಾಕೆ ಸಾರ್ ಬಸ್ಸು ಹತ್ತಿದ್ರಿ?"

"ನನಗೆ ಎತ್ತರ ಆಗಲ್ಲ ಮೇಡಂ. ಚಿಕ್ಕಂದಿನಿಂದಲೂ ಅಷ್ಟೇ. ಮಾಳಿಗೆ ಮೇಲೂ ನಿಲ್ಲಲಾರೆ. ಅಲ್ಲಿ ಕೈಕಾಲು ಬಿದ್ದುಹೋಯ್ತು. ರೋಡಿಗೆ ಬಂದೆ, ಎದುರಿಗೆ ಬಸ್ಸು ನಿಂತಿತ್ತು."

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಕ್ಷಮಿಸಿಬಿಡುತ್ತಿದ್ದೆ. ಹೆದರಿಕೆ ಯಾರಿಗಿಲ್ಲ? ಆದರೆ ಆತ ಅತ್ತಿತ್ತ ನೋಡಿ, ದನಿ ತಗ್ಗಿಸಿ, "ಹೇಗೂ ನೀವೇ ಒಳ್ಳೆಯ ಮಾತು ಹೇಳಿದ್ದೀರಿ. ಅದು ಹಾಗೇ ಇರಲಿ. ಅವನಿಗೂ ನೆಮ್ಮದಿ" ಎಂದ. ತಾನು ಕಾಲಿಡಲು ಹೆದರಿದ ಕಲ್ಲಿನ ಮೇಲೆ ಇನ್ನೊಬ್ಬನನ್ನು ಮುಂದೆ ಬಿಟ್ಟವನು ಈಗ ಅವನ ನೆಮ್ಮದಿ ಕಾಯುತ್ತಿದ್ದ.

ಪುಸ್ತಕ ಎರಡನೆಯ ಮುದ್ರಣ ಕಂಡಿತು. ಕಮರಿಯ ಭಾಗದಲ್ಲಿ ಒಂದು ಸಾಲು ಸೇರಿತ್ತು: 'ದುರ್ಬಲರು ಇಲ್ಲಿ ಎಚ್ಚರ ವಹಿಸಬೇಕು.' ಅಗರದ ಮಜ್ಜಿಗೆ ಹಾಗೇ ಇತ್ತು.

ನಾಗಪ್ಪನ ಕಾಲು ಕೂಡಿಕೊಂಡಿತು, ನೆಟ್ಟಗೆ ಕೂಡಲಿಲ್ಲ. ಗುಂಡಿಮಗ್ಗದಲ್ಲಿ ಕೈಗಿಂತ ಕಾಲಿನ ಕೆಲಸ ಹೆಚ್ಚು. ಕೆಳಗಿನ ಹಲಗೆಗಳನ್ನು ದಿನವಿಡೀ ಸಮನಾಗಿ ತುಳಿಯುತ್ತಿರಬೇಕು. ಅವನಿಗೆ ಅರ್ಧ ಗಂಟೆಗೇ ಪಾದ ಊದಿಕೊಳ್ಳುತ್ತಿತ್ತು. ಮಗ್ಗಕ್ಕೆ ಅವನ ಹೆಂಡತಿ ಲಕ್ಷ್ಮಮ್ಮ ಇಳಿದಳು. ಅವನು ಗೋಡೆಗೆ ಒರಗಿ ಕೂತು ಅವಳಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿ ಕೊಡತೊಡಗಿದ. ಬೀದಿಯಲ್ಲೇ ಒಳ್ಳೆಯ ಅಂಚು ನೇಯುವವನೆಂದು ಹೆಸರಾಗಿದ್ದವನು. ಆದರೂ ಯುಗಾದಿ ಬಂತೆಂದರೆ ಕುಂಟಿಕೊಂಡು ಆತನ ಮನೆಗೆ ಹೋಗಿ ಕಾಲು ಮುಟ್ಟಿ ಬರುವುದನ್ನು ಬಿಡಲಿಲ್ಲ. "ನಮ್ಗೋಸ್ಕರ ಊಟ ನೀರಿಲ್ದೆ ಅಲ್ದಾಡುದ್ರು" ಎನ್ನುತ್ತಿದ್ದ. ಹಾಗೆ ಹೋಗಿ ಬಂದವನು ನಮ್ಮ ಮನೆಗೂ ಬೇವುಬೆಲ್ಲ ತಂದುಕೊಡುತ್ತಿದ್ದ. ಆರು ಯುಗಾದಿ ನಾನು ಬೇವುಬೆಲ್ಲ ತಿಂದೆ, ಏನೂ ಹೇಳಲಿಲ್ಲ.

ಈ ವರ್ಷ ಆತ ತೀರಿಕೊಂಡ. ನಿದ್ದೆಯಲ್ಲಿ ಹೋದನಂತೆ. ಮಾತಾಡಿಸಲು ಹೋದಾಗ ಆತನ ಹೆಂಡತಿ ನನ್ನನ್ನು ಒಳಗೆ ಕೂರಿಸಿಕೊಂಡು, ಏನು ತೋಚಿತೋ, "ಆವತ್ತು ಎರಡು ದಿನ ಇದೇ ಕೋಣೇಲಿ ಬಾಗ್ಲು ಹಾಕ್ಕೊಂಡು ಇದ್ರು. ಯಾರಿಗೂ ಹೇಳಬೇಡ ಅಂದ್ರು. ಏಳನೇ ದಿನ ಬೆಳಿಗ್ಗೆ ಆಟೋದಲ್ಲಿ ಊರಾಚೆ ಇಳಿದು ನಡ್ಕೊಂಡು ಬಂದ್ರು. ನನಗೆ ಈ ಮಾತು ಯಾರ ಹತ್ರನಾದ್ರೂ ಹೇಳಬೇಕಿತ್ತು" ಎಂದರು. ನನ್ನ ಕೈ ಹಿಡಿದುಕೊಂಡು ಹಗುರಾದವರಂತೆ ಅತ್ತರು. ನಾನು ಅದನ್ನೂ ತಂದು ನನ್ನೊಳಗೇ ಇಟ್ಟುಕೊಂಡೆ.

ಹೋದ ತಿಂಗಳು ಬಳಗದವರು ಕಮರಿಯ ಅಂಚಿನಲ್ಲಿ ಆತನ ಹೆಸರಿನ ಒಂದು ಕಲ್ಲಿನ ಫಲಕ ನೆಡಬೇಕೆಂದು ಹೊರಟರು. ಜೀಪಿನಲ್ಲಿ ಕಾರ್ಯದರ್ಶಿ, ಇನ್ನಿಬ್ಬರು, ನಾಗಪ್ಪ, ನಾನು. ದಾರಿ ತೋರಿಸಲು ಚಿನ್ನತಾಯಿ ಬೇಕೆಂದು ಹೇಳಿ ಕಳಿಸಿದ್ದರು. ಅವಳು ಬಸ್‌ಸ್ಟಾಪಿನಲ್ಲೇ ನಿಂತಿದ್ದಳು. ತಲೆ ಬೆಳ್ಳಗ್ಗಾಗಿತ್ತು. ಫಲಕದ ಮೇಲೆ ಬರೆದದ್ದನ್ನು ಓದಿ ಹೇಳಿ ಎಂದಳು. ಕಾರ್ಯದರ್ಶಿ ಗಟ್ಟಿಯಾಗಿ ಓದಿದರು: 'ಈ ದಾರಿಯನ್ನು ಮೊದಲು ನಡೆದು ತೋರಿಸಿದ ಗುರುಗಳ ನೆನಪಿಗೆ.'

"ಹಂಗಾರೆ ಇಲ್ಲೇ ನೆಡಿ" ಎಂದಳು ಚಿನ್ನತಾಯಿ, ಅಂಗಡಿಯ ಪಕ್ಕದ ನೆಲ ತೋರಿಸಿ. "ಅವ್ರು ನಡೆದದ್ದು ಇಲ್ಲಿಗಂಟ. ಇಲ್ಲಿಂದ ಬಸ್ ಅತ್ತುದ್ರು."

ಕಾರ್ಯದರ್ಶಿ ನಕ್ಕರು. ಅವಳು ನಗಲಿಲ್ಲ. ಅವರು ಸಿಡುಕಿದರು. "ಏನಮ್ಮ ಇದು, ತೀರಿಹೋದವರ ಬಗ್ಗೆ. ಮೇಡಂ, ನೀವು ಜೊತೇಲಿ ಇದ್ದವರು, ನೀವೇ ಹೇಳಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾಗಪ್ಪ ಜೀಪಿನಿಂದ ಒಂದು ಕಾಲು ಕೆಳಗಿಟ್ಟು ಹಾಗೇ ಕೂತಿದ್ದ. ನಾನು ಹೇಳಿದೆ. ಬೇವಿನ ಮರ, ಹನ್ನೆರಡೂವರೆಯ ಬಸ್ಸು, ಬಾಗಿಲು ಹಾಕಿದ ಕೋಣೆ, ಆಟೋ, ಎಲ್ಲ. ನಿಂತಲ್ಲೇ, ಒಂದೇ ಉಸಿರಿನಲ್ಲಿ. ಹೇಳುತ್ತಿದ್ದಂತೆ ಮನಸ್ಸು ಹಗುರಾಗುತ್ತದೆ ಎಂದುಕೊಂಡಿದ್ದೆ. ಕಾರ್ಯದರ್ಶಿ ಫಲಕವನ್ನು ಜೀಪಿಗೆ ಒರಗಿಸಿ ದೂರ ಹೋಗಿ ನಿಂತರು.

ನಾಗಪ್ಪ ಇಳಿದು ನನ್ನ ಹತ್ತಿರ ಬಂದ.

"ಟೀಚರ್, ಅವತ್ತು ಆಟೋದಲ್ಲಿ ಏಳಿದ್ದು ನಿಜ್ವಾ, ಇವತ್ತು ಏಳಿದ್ದು ನಿಜ್ವಾ?"

"ಇವತ್ತು ಹೇಳಿದ್ದು."

ಅವನು ತನ್ನ ಪಾದವನ್ನು ನೋಡಿಕೊಂಡ.

"ಅವ್ರು ಎದ್ರುಕಂಡು ಓಡೋದ್ರು. ನೀವ್ ಎದ್ರುಕಳ್ಳಿಲ್ಲ. ನನ್ ಕಾಲ್ನ ಮಡ್ಲಲ್ಲಿ ಇಕ್ಕಂಡು ಬಿಸ್ಲಲ್ಲಿ ಕುಂತಿದ್ರಿ. ಅಂಥ ನೀವು, ಆರ್ ವರ್ಸ ನನ್ನ ಅವ್ರ್ ಕಾಲ್ ಮುಟ್ಟಕ್ಕೆ ಯಾಕ್ ಕಳುಸ್ತಿದ್ರಿ?"

ಅವನ ಮನಸ್ಸು ನೋಯಬಾರದೆಂದು ಎನ್ನಲು ಹೋದೆ. ಅದು ಮೊದಲ ದಿನದ ಮಟ್ಟಿಗೆ ನಿಜ. ಆಮೇಲಿನ ಆರು ವರ್ಷಕ್ಕೆ ಅಲ್ಲ. ಆಮೇಲೆ ನಾನು ಕಾಪಾಡಿಕೊಂಡದ್ದು ನನ್ನ ಹೆಗಲ ಮೇಲಿನ ಶಾಲನ್ನು.

ಅವನು ಜೀಪು ಹತ್ತಲಿಲ್ಲ. ಬಸ್ಸಿಗೆ ಕಾದು ಕೂತ. ನಾನೂ ಕೂತೆ. ಚಿನ್ನತಾಯಿ ಅವನಿಗೆ ನೀರು ತಂದುಕೊಟ್ಟಳು. ಬಸ್ಸು ಬಂದಾಗ ಅವನು ಮುಂದಿನ ಬಾಗಿಲಲ್ಲಿ ಹತ್ತಿದ, ಕೊಳ್ಳೇಗಾಲದವರೆಗೂ ಹಿಂದೆ ತಿರುಗಲಿಲ್ಲ.

ಆತನನ್ನು ನಾನು ತಿರಸ್ಕರಿಸುತ್ತೇನೆ. ಈಗಲೂ ಅದರಲ್ಲಿ ಒಂದು ತೊಟ್ಟೂ ಕಡಿಮೆಯಾಗಿಲ್ಲ. ಆದರೆ ಇಷ್ಟು ವರ್ಷ ಆ ತಿರಸ್ಕಾರವನ್ನು ಮನೆಯೊಳಗೆ ಬೆಚ್ಚಗೆ ಸಾಕಿಕೊಂಡು, ಅದರಿಂದಲೇ ನಾನು ಆತನಿಗಿಂತ ಮೇಲು ಎಂದುಕೊಂಡಿದ್ದೆನಲ್ಲ, ಅದನ್ನು ಏನೆನ್ನಬೇಕೋ ತಿಳಿಯದು.

ಇಲ್ಲಿಯವರೆಗೆ ಬರೆದದ್ದನ್ನು ಕಾರ್ಯದರ್ಶಿಗೆ ಕಳಿಸಲಿಲ್ಲ. ಮೊನ್ನೆ ನಾಗಪ್ಪನ ಮನೆಗೆ ಒಯ್ದೆ. ಕಾಫಿ ಕೊಡದೆ ನನ್ನನ್ನು ಯಾವತ್ತೂ ಕಳಿಸಿದ ಮನೆಯಲ್ಲ ಅದು. ಲಕ್ಷ್ಮಮ್ಮ ಮಗ್ಗದ ಗುಂಡಿಯಿಂದ ಏಳದೆ ಕೈಚಾಚಿ ಕಾಗದಗಳನ್ನು ತೆಗೆದುಕೊಂಡು, ಅವನ ಪಕ್ಕದಲ್ಲಿಟ್ಟಳು. ಅವನು ನೂಲು ಸುತ್ತುವುದನ್ನು ನಿಲ್ಲಿಸಲಿಲ್ಲ. ಕೂತ್ಕೊಳ್ಳಿ ಎಂದು ಇಬ್ಬರೂ ಹೇಳಲಿಲ್ಲ. ನಾನು ಸ್ವಲ್ಪ ಹೊತ್ತು ಹೊಸ್ತಿಲ ಹತ್ತಿರ ನಿಂತಿದ್ದು, ಚಪ್ಪಲಿ ಹಾಕಿಕೊಂಡು ಬಂದೆ.